ಅನ್ನ ನೀರಿಲ್ಲದ ಯೋಗಿ, ನಿಂತುಹೋದ ಹೃದಯ: ಈ ಪರೀಕ್ಷೆಗಳಿಂದ ನಿಜವಾಗಿ ಏನು ಸಾಬೀತಾಗಿದೆ?

ತುಂಗಾತೀರ:
ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗುಜರಾತಿನ ಅಂಬಾಜಿಯ ಪ್ರಹ್ಲಾದ ಜಾನಿಯವರ ವಿಡಿಯೋ ಮತ್ತೆ ಸುತ್ತಾಡುತ್ತಿದೆ. ಕೆಂಪು ಬಟ್ಟೆ ಉಟ್ಟು ಮೂಗುತಿ ಧರಿಸುತ್ತಿದ್ದ ಆ ವೃದ್ಧರು 1940ರಿಂದ ಅನ್ನವನ್ನಾಗಲಿ ನೀರನ್ನಾಗಲಿ ಮುಟ್ಟದೆ ಬದುಕಿದ್ದರು, ಆಸ್ಪತ್ರೆಯಲ್ಲಿಟ್ಟು ನೋಡಿದ ವೈದ್ಯರೇ ಅದನ್ನು ಒಪ್ಪಿಕೊಂಡಿದ್ದಾರೆ ಎಂಬುದು ಅದರ ಸಾರಾಂಶ. ನಾನು ಅನುಮಾನ ವ್ಯಕ್ತಪಡಿಸಿದ ಕೂಡಲೇ "ಸೈನ್ಯದ ವಿಜ್ಞಾನಿಗಳಿಗಿಂತ ನೀನು ಬುದ್ಧಿವಂತನೋ?" ಎಂಬ ಉತ್ತರ ಬಂತು. ನಮ್ಮ ತಂದೆಯವರು ದಿನವೂ ಬೆಳಿಗ್ಗೆ ಪ್ರಾಣಾಯಾಮ ಮಾಡುವವರು, ಹಾಗಾಗಿ ಯೋಗಿಯನ್ನು ಶಂಕಿಸಿದರೆ ಯೋಗವನ್ನೇ ಹೀಯಾಳಿಸಿದೆ ಎಂದು ನೊಂದುಕೊಳ್ಳುತ್ತಾರೆ. ಆ ಪರೀಕ್ಷೆಯಲ್ಲಿ ನಡೆದದ್ದೇನು, ಅದರಿಂದ ಎಷ್ಟು ಮಾತ್ರ ತೀರ್ಮಾನಿಸಬಹುದು ಎಂಬುದನ್ನು ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ. ಬೈಗುಳ ಬೇಡ, ವಿವರ ಬೇಕು.

ಮಲೆನಾಡ ಮೂಲೆ:
ಜಾನಿಯವರ ಮೇಲೆ ಎರಡು ಪರೀಕ್ಷೆಗಳು ನಡೆದವು, ಎರಡೂ ಅಹಮದಾಬಾದಿನ ಸ್ಟರ್ಲಿಂಗ್ ಆಸ್ಪತ್ರೆಯಲ್ಲಿ. 2003ರಲ್ಲಿ ಹತ್ತು ದಿನ ಅವರನ್ನು ನಿಗಾದಲ್ಲಿಟ್ಟರು. ಆಗ ಬಾಯಿ ಮುಕ್ಕಳಿಸಲೆಂದು ದಿನಕ್ಕೆ ನೂರು ಮಿಲಿಲೀಟರ್ ನೀರು ಕೊಟ್ಟು, ಉಗುಳಿದ್ದನ್ನು ಮತ್ತೆ ಅಳೆಯುತ್ತಿದ್ದರು. 2010ರ ಏಪ್ರಿಲ್ 22ರಿಂದ ಮೇ 6ರವರೆಗೆ ಎರಡನೆಯ ಪರೀಕ್ಷೆ ನಡೆಯಿತು, ಅದರಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ಶರೀರಕ್ರಿಯಾ ಪ್ರಯೋಗಾಲಯವೂ ಕೈಜೋಡಿಸಿತ್ತು. ಸುಮಾರು ಮೂವತ್ತೈದು ಮಂದಿ ತಜ್ಞರು ಭಾಗವಹಿಸಿದ್ದು ನಿಜ, ಕ್ಯಾಮೆರಾ ಇಟ್ಟದ್ದೂ ನಿಜ. ಆದರೆ ಆ ಅವಧಿಯಲ್ಲಿ ಅವರು ಬಾಯಿ ಮುಕ್ಕಳಿಸುತ್ತಿದ್ದರು, ಸ್ನಾನ ಮಾಡುತ್ತಿದ್ದರು. ಬಿಸಿಲು ಕಾಯಲು ಕೋಣೆಯಿಂದ ಹೊರಗೆ ಹೋಗುತ್ತಿದ್ದರು, ಭಕ್ತರನ್ನೂ ಕಾಣುತ್ತಿದ್ದರು ಎಂಬ ಆಕ್ಷೇಪವನ್ನು ವಿಚಾರವಾದಿ ಸನಲ್ ಇಡಮರುಕು ಪ್ರಸಾರವಾದ ದೃಶ್ಯಗಳನ್ನು ನೋಡಿಯೇ ಎತ್ತಿದರು. ಸ್ವತಃ ಬಂದು ವೀಕ್ಷಿಸಲು ಇಡಮರುಕು ಅವಕಾಶ ಕೇಳಿದಾಗ ಒಳಗೆ ಬಿಡಲಿಲ್ಲ. ಜಾನಿಯವರು 2020ರ ಮೇ ತಿಂಗಳಲ್ಲಿ ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅರ್ಧಸತ್ಯ:
ಹದಿನೈದು ದಿನ ನೋಡಿ ಎಪ್ಪತ್ತು ವರ್ಷಕ್ಕೆ ಪ್ರಮಾಣಪತ್ರ ಕೊಡುವುದು ಯಾವ ಲೆಕ್ಕ ಎಂದು ಮೊದಲು ಅದನ್ನು ಕೇಳಿ.

ಯೋಗಾಭ್ಯಾಸಿ:
ಇಲ್ಲಿನ ಧಾಟಿ ನೋಡಿದರೆ ಮೂವತ್ತೈದು ವೈದ್ಯರೂ ಒಟ್ಟಾಗಿ ಮೋಸಹೋದರು ಅಥವಾ ಮೋಸ ಮಾಡಿದರು ಎಂದಾಗುತ್ತದೆ. ಅವರ ಮೂತ್ರಕೋಶದಲ್ಲಿ ಮೂತ್ರ ಸಂಗ್ರಹವಾಗುವುದನ್ನೂ, ವಿಸರ್ಜನೆಯಾಗದೆಯೇ ಅದು ಕಡಿಮೆಯಾಗುವುದನ್ನೂ ಅಲ್ಟ್ರಾಸೌಂಡಿನಲ್ಲಿ ಕಂಡಿದ್ದಾರೆ. ರಕ್ತಪರೀಕ್ಷೆಯ ಅಂಶಗಳು ಸುರಕ್ಷಿತ ಮಿತಿಯಲ್ಲೇ ಇದ್ದವು. ನಮಗೆ ವಿವರಣೆ ಸಿಗದಿದ್ದ ಮಾತ್ರಕ್ಕೆ ಘಟನೆಯೇ ನಡೆದಿಲ್ಲ ಎನ್ನುವುದು ವಿಜ್ಞಾನವಲ್ಲ, ಹಟ.

ಹಗಲುಪಾಳಿ ವೈದ್ಯೆ:
ರಕ್ತದ ಅಂಶಗಳು ಸರಿಯಾಗಿದ್ದವು ಎಂಬುದೇ ನನ್ನಂಥವರಿಗೆ ಅತ್ಯಂತ ದೊಡ್ಡ ಅನುಮಾನದ ಕಾರಣ, ಹಾಗಾಗಿ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಏನೂ ಮಾಡದೆ ಸುಮ್ಮನೆ ಮಲಗಿರುವ ವಯಸ್ಕರೂ ಉಸಿರಿನ ಮೂಲಕ ಮತ್ತು ಚರ್ಮದ ಮೂಲಕ ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು ನೀರನ್ನು ಕಳೆದುಕೊಳ್ಳುತ್ತಾರೆ. ಇದು ಬೆವರಲ್ಲ, ನಮಗೆ ಅರಿವಾಗದೆಯೇ ಆವಿಯಾಗಿ ಹೋಗುವ ನೀರು. ಮೂತ್ರವನ್ನು ದೇಹ ಪೂರ್ತಿಯಾಗಿ ಹೀರಿಕೊಳ್ಳುತ್ತದೆ ಎಂದು ವಾದಕ್ಕಾಗಿ ಒಪ್ಪಿಕೊಂಡರೂ, ಶ್ವಾಸಕೋಶದಿಂದ ಹೊರಗೆ ಹೋದ ಆವಿಯನ್ನು ಯಾವ ಮೂತ್ರಕೋಶವೂ ಮರಳಿ ತರಲಾರದು. ಅಹಮದಾಬಾದಿನ ಏಪ್ರಿಲ್ ಬಿಸಿಲಿನಲ್ಲಿ ಹದಿನೈದು ದಿನ ಒಂದು ತೊಟ್ಟೂ ನೀರು ಕುಡಿಯದ ವ್ಯಕ್ತಿಯ ರಕ್ತದಲ್ಲಿ ಸೋಡಿಯಂ, ಯೂರಿಯಾ, ಕ್ರಿಯಾಟಿನಿನ್ ಮೂರೂ ಏರಬೇಕು, ತೂಕ ಕಿಲೋಗಟ್ಟಲೆ ಇಳಿಯಬೇಕು. ಅವು ಏರಲಿಲ್ಲ ಎಂದರೆ ಎರಡೇ ಸಾಧ್ಯತೆಗಳಿವೆ. ನೀರು ಎಲ್ಲಿಂದಲೋ ಒಳಗೆ ಹೋಗುತ್ತಿತ್ತು ಎಂಬುದು ಒಂದು. ಶರೀರಶಾಸ್ತ್ರದ ಜೊತೆಗೆ ದ್ರವ್ಯ ಸಂರಕ್ಷಣೆಯ ನಿಯಮವೂ ಸುಳ್ಳು ಎಂಬುದು ಇನ್ನೊಂದು. ದಿನವೂ ಬಾಯಿಗೆ ನೀರು ಹಾಕಿಕೊಳ್ಳುತ್ತಿದ್ದ, ಸ್ನಾನ ಮಾಡುತ್ತಿದ್ದ ವ್ಯಕ್ತಿಯ ವಿಷಯದಲ್ಲಿ ನಾನು ಎರಡನೆಯದನ್ನು ಏಕೆ ಆರಿಸಿಕೊಳ್ಳಬೇಕು?

ಇನ್ನೊಂದು ಮಾತು. ಇಷ್ಟು ದೊಡ್ಡ ಸಂಗತಿಯನ್ನು ನಿಜವಾಗಿ ಕಂಡಿದ್ದರೆ ಅದು ಇತರ ತಜ್ಞರ ಪರಾಮರ್ಶೆಗೆ ಒಳಪಟ್ಟ ಪ್ರಬಂಧವಾಗಿ ವೈದ್ಯಕೀಯ ನಿಯತಕಾಲಿಕೆಯಲ್ಲಿ ಬರಬೇಕಿತ್ತು. ಬಂದದ್ದು ಪತ್ರಿಕಾಗೋಷ್ಠಿ ಮಾತ್ರ.

ಜಾದೂಪೆಟ್ಟಿಗೆ:
ನಾನು ಹವ್ಯಾಸಿ ಜಾದೂಗಾರ. ವೈದ್ಯೆಯವರ ಮಾತೆಲ್ಲ ಸರಿ, ಆದರೆ ಯೋಗಾಭ್ಯಾಸಿಯವರು ಎತ್ತಿದ "ಮೂವತ್ತೈದು ವೈದ್ಯರೂ ಮೋಸಹೋದರೇ?" ಎಂಬ ಪ್ರಶ್ನೆಗೆ ನೇರ ಉತ್ತರ ಯಾರೂ ಕೊಟ್ಟಿಲ್ಲ. ಹೌದು, ಮೋಸಹೋಗಬಹುದು, ಮತ್ತು ಅದರಲ್ಲಿ ಅವರಿಗೆ ಅವಮಾನವೇನೂ ಇಲ್ಲ. ರಕ್ತದ ಮಾದರಿ ಸುಳ್ಳು ಹೇಳುವುದಿಲ್ಲ, ಸೂಕ್ಷ್ಮದರ್ಶಕದ ಕೆಳಗಿನ ಜೀವಕೋಶ ವೈದ್ಯರ ಗಮನವನ್ನು ಬೇರೆಡೆಗೆ ಸೆಳೆಯುವುದಿಲ್ಲ. ಹಾಗೆ ವಂಚಿಸದ ವಸ್ತುಗಳನ್ನು ಅಳೆಯುವ ಶಿಕ್ಷಣ ಪಡೆದವರ ಮುಂದೆ ಕಣ್ಕಟ್ಟು ಬಲ್ಲ ಮನುಷ್ಯನನ್ನು ಕೂರಿಸಿದರೆ ಗೆಲ್ಲುವುದು ಆ ಮನುಷ್ಯನೇ.

1980ರ ಆಸುಪಾಸಿನಲ್ಲಿ ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅತೀಂದ್ರಿಯ ಶಕ್ತಿಯನ್ನು ಅಧ್ಯಯನ ಮಾಡಲೆಂದೇ ಒಂದು ಪ್ರಯೋಗಾಲಯವಿತ್ತು. ಜೇಮ್ಸ್ ರ‍್ಯಾಂಡಿ ಎಂಬ ಜಾದೂಗಾರ ತನ್ನ ಇಬ್ಬರು ಎಳೆಯ ಶಿಷ್ಯರನ್ನು ದಿವ್ಯಶಕ್ತಿಯುಳ್ಳವರೆಂದು ಹೇಳಿಸಿ ಅಲ್ಲಿಗೆ ಕಳುಹಿಸಿದ. ಯಾವ ಎಚ್ಚರಿಕೆ ವಹಿಸಬೇಕು ಎಂದು ಸಂಶೋಧಕರಿಗೆ ಮುಂಚೆಯೇ ಪತ್ರ ಬರೆದು ತಿಳಿಸಿಯೂ ಇದ್ದ. ಆ ಹುಡುಗರು ವರ್ಷಗಟ್ಟಲೆ ಚಮಚ ಬಗ್ಗಿಸಿದರು, ಫ್ಯೂಸ್ ಸುಟ್ಟರು. ಸಂಶೋಧಕರು ಬೆರಗಾದರು. 1983ರಲ್ಲಿ ರ‍್ಯಾಂಡಿ ಪತ್ರಕರ್ತರ ಮುಂದೆ ಎಲ್ಲವನ್ನೂ ಬಿಚ್ಚಿಟ್ಟ. ಆದ್ದರಿಂದ ಪರೀಕ್ಷಕರು ಎಷ್ಟು ಜನ, ಎಂಥ ಪದವೀಧರರು ಎಂದು ನಾನು ಕೇಳುವುದಿಲ್ಲ. ಅವರಲ್ಲಿ ಕೈಚಳಕ ಬಲ್ಲವರು ಒಬ್ಬರಾದರೂ ಇದ್ದರೇ? ಷರತ್ತುಗಳನ್ನು ನಿರ್ಧರಿಸಿದವರು ಯಾರು? ನನಗೆ ಬೇಕಾದದ್ದು ಇವೆರಡಕ್ಕೆ ಉತ್ತರ.

ಯೋಗಾಭ್ಯಾಸಿ:
ಜಾನಿಯವರನ್ನು ಬಿಡಿ, ನಾನು ಅವರ ವಕೀಲನಲ್ಲ. ಪರಾಮರ್ಶೆಗೊಳಪಟ್ಟ ಪ್ರಬಂಧ ಬೇಕೆಂದಿರಲ್ಲ, ಅದನ್ನೇ ಕೊಡುತ್ತೇನೆ. 1970ರಲ್ಲಿ ಉದಯಪುರದ ವೈದ್ಯಕೀಯ ಕಾಲೇಜಿನ ಆವರಣದಲ್ಲಿ ಸತ್ಯಮೂರ್ತಿ ಎಂಬ ಯೋಗಿ ಎಂಟು ದಿನ ಗುಂಡಿಯೊಳಗೆ ಸಮಾಧಿಯಲ್ಲಿ ಕುಳಿತಿದ್ದರು. ಇ.ಸಿ.ಜಿ. ತಂತಿಗಳನ್ನು ಹೊರಕ್ಕೆ ಎಳೆದು ದಾಖಲೆ ತೆಗೆಯುತ್ತಿದ್ದರು. ಎರಡನೆಯ ದಿನದಿಂದ ಗೆರೆ ಸಪಾಟಾಯಿತು, ಕೊನೆಗೆ ಮತ್ತೆ ಮರಳಿತು. 1973ರಲ್ಲಿ ಇದು ಅಮೆರಿಕನ್ ಹಾರ್ಟ್ ಜರ್ನಲ್‌ನಲ್ಲೇ ಪ್ರಕಟವಾಗಿದೆ. ನಮ್ಮವರೇ ಆದ, ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿ ಮೈಸೂರು ಅರಮನೆಯ ಯೋಗಶಾಲೆಯನ್ನು ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರು 1935ರಲ್ಲಿ ಫ್ರಾನ್ಸಿನ ಹೃದ್ರೋಗ ತಜ್ಞೆಯ ಮುಂದೆ ಹೃದಯವನ್ನೇ ನಿಲ್ಲಿಸಿ ತೋರಿಸಿದರು. ಪ್ರಸಿದ್ಧ ಯೋಗಶಿಕ್ಷಕರಾದ ಬಿ.ಕೆ.ಎಸ್. ಅಯ್ಯಂಗಾರರಿಗೂ ಪಟ್ಟಾಭಿ ಜೋಯಿಸರಿಗೂ ಗುರುವಾಗಿದ್ದವರು ಅವರು. ಅವರನ್ನೂ ಕಣ್ಕಟ್ಟಿನವರ ಸಾಲಿಗೆ ಸೇರಿಸುತ್ತೀರಾ?

ಅಗ್ರಹಾರದ ಹುಡುಗಿ:
ಯಾರೂ ಕೃಷ್ಣಮಾಚಾರ್ಯರನ್ನು ಆ ಸಾಲಿಗೆ ಸೇರಿಸಬೇಕಾಗಿಲ್ಲ. ಆದರೆ ಕತೆಯನ್ನು ಅರ್ಧಕ್ಕೇ ನಿಲ್ಲಿಸಿದ್ದೀರಿ.

ಆ ಫ್ರೆಂಚ್ ತಜ್ಞೆಯ ಹೆಸರು ತೆರೇಸ್ ಬ್ರಾಸ್. ಆಕೆ ಭಾರತಕ್ಕೆ ತಂದಿದ್ದು ಸಾಗಿಸಬಹುದಾದ ಚಿಕ್ಕ ಇ.ಸಿ.ಜಿ. ಯಂತ್ರವನ್ನು, ಅದರಲ್ಲಿ ತೆಗೆದದ್ದು ಒಂದೇ ಲೀಡಿನ, ಅಂದರೆ ಹೃದಯದ ವಿದ್ಯುತ್ ಸಂಕೇತವನ್ನು ಒಂದೇ ಕೋನದಿಂದ ಹಿಡಿಯುವ ದಾಖಲೆಯನ್ನು. ಅದರಲ್ಲಿ ಸಂಕೇತ ಶೂನ್ಯದ ಹತ್ತಿರಕ್ಕೆ ಇಳಿದದ್ದು ಸರಿ. 1957ರಲ್ಲಿ ವೆಂಗರ್ ಮತ್ತು ಬಾಗ್ಚಿ ಎಂಬ ಇಬ್ಬರು ಸಂಶೋಧಕರು ಅಮೆರಿಕದಿಂದ ಹೆಚ್ಚು ಲೀಡುಗಳ ಉಪಕರಣ ತಂದು, ದೆಹಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯ ಬಿ.ಕೆ. ಆನಂದ್ ಅವರೊಡನೆ ಸೇರಿ, ನಾಡಿ ಅಥವಾ ಹೃದಯವನ್ನು ನಿಲ್ಲಿಸುತ್ತೇವೆ ಎಂದ ಯೋಗಿಗಳನ್ನು ಪರೀಕ್ಷಿಸಿದರು. ಬ್ರಾಸ್ ಪರೀಕ್ಷಿಸಿದ್ದ ವ್ಯಕ್ತಿಯೂ ಅವರಲ್ಲಿದ್ದರು. 1961ರಲ್ಲಿ ಬಂದ ಅವರ ಪ್ರಬಂಧದ ಪ್ರಕಾರ ಯಾರ ಹೃದಯವೂ ನಿಲ್ಲಲಿಲ್ಲ. ಉಸಿರು ಹಿಡಿದು, ಗಂಟಲನ್ನು ಮುಚ್ಚಿ, ಎದೆ ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಲವಾಗಿ ಬಿಗಿದರೆ ಎದೆಗೂಡಿನ ಒತ್ತಡ ಏರುತ್ತದೆ. ಆಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ, ಮಣಿಕಟ್ಟಿನಲ್ಲಿ ನಾಡಿ ಸಿಗದಂತಾಗುತ್ತದೆ. ಸ್ನಾಯುಗಳ ಸದ್ದಿನಲ್ಲಿ ಹೃದಯದ ಬಡಿತ ಸ್ಟೆತಾಸ್ಕೋಪಿಗೂ ಕೇಳಿಸದು. ಇ.ಸಿ.ಜಿ. ಮಾತ್ರ ತನ್ನ ಪಾಡಿಗೆ ಬಡಿತವನ್ನು ದಾಖಲಿಸುತ್ತಲೇ ಇತ್ತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಕೃಷ್ಣಮಾಚಾರ್ಯರು ಸುಳ್ಳಾಡಿದರು ಎಂದು ಇದರಿಂದ ಹೇಳಲಾಗದು. ಅವರು ಮಾಡುತ್ತಿದ್ದುದು ನಿಜವಾದ, ಕಠಿಣವಾದ ಸ್ನಾಯು ನಿಯಂತ್ರಣ. ತಪ್ಪಿದ್ದು ಅದಕ್ಕೆ "ಹೃದಯ ನಿಂತಿತು" ಎಂದು ನೋಡಿದವರು ಕೊಟ್ಟ ಅರ್ಥದಲ್ಲಿ. ಉತ್ತಮ ಉಪಕರಣ ಬಂದೊಡನೆ ಆ ಅರ್ಥ ಬಿದ್ದುಹೋಯಿತು, ಅಭ್ಯಾಸ ಮಾತ್ರ ಉಳಿಯಿತು. ತುಂಗಾತೀರ ಅವರ ತಂದೆಯವರಿಗೆ ಇದನ್ನು ಹೇಳಿದರೆ ಅವರು ನೊಂದುಕೊಳ್ಳಲಾರರು ಎನಿಸುತ್ತದೆ.

ಹಗಲುಪಾಳಿ ವೈದ್ಯೆ:
ಉದಯಪುರದ ಬಗ್ಗೆ ನಾನು ಹೇಳುತ್ತೇನೆ. ಆ ಗೆರೆ ಸಪಾಟಾಗುವ ಮುಂಚೆ ಬಡಿತ ನಿಮಿಷಕ್ಕೆ 250ರವರೆಗೆ ಏರಿತ್ತು. ಬಳಿಕ ದಿನಗಟ್ಟಲೆ ಸಪಾಟು. ಗುಂಡಿಯನ್ನು ತೆರೆಯಬೇಕಾದ ಸಮಯಕ್ಕೆ ಸುಮಾರು ಅರ್ಧ ಗಂಟೆ ಇರುವಾಗ ಸಂಕೇತ ಮರಳಿ ಕಾಣಿಸಿಕೊಂಡಿತು. ಯೋಗಿಯೇ ತಂತಿ ಕಳಚಿರಬಹುದೇ ಎಂಬ ಶಂಕೆ ಆ ವೈದ್ಯರಿಗೇ ಬಂದಿತ್ತು, ಹಾಗೆ ಕಳಚಿದ್ದರೆ ದಾಖಲೆಯಲ್ಲಿ ಗೊಂದಲದ ಗುರುತುಗಳು ಬೀಳಬೇಕಿತ್ತು ಎಂಬ ಕಾರಣದಿಂದ ಅವರು ಅದನ್ನು ಬದಿಗಿಟ್ಟರು. ಆದರೆ ಗುಂಡಿಯೊಳಗೆ ಯೋಗಿ ಒಬ್ಬರೇ ಇದ್ದರು, ಅವರ ಕೈಗಳು ಮುಕ್ತವಾಗಿದ್ದವು, ಒಳಗೆ ಏನಾಗುತ್ತಿದೆ ಎಂದು ನೋಡುವ ಕಣ್ಣು ಯಾವುದೂ ಇರಲಿಲ್ಲ. ದಿನಗಟ್ಟಲೆ ರಕ್ತಸಂಚಾರವಿಲ್ಲದ ಮೆದುಳು ಸರಿಯಾದ ಗಳಿಗೆಗೆ ಎಚ್ಚೆತ್ತು ಹೊರಗೆ ಬಂದಿತು ಎಂದು ನಂಬುವುದಕ್ಕೆ ನನಗೆ ಒಂದು ಸಪಾಟು ಗೆರೆ ಸಾಲದು.

ಅರ್ಧಸತ್ಯ:
ಅರ್ಧ ಗಂಟೆ ಮುಂಚೆ ಎಂಬುದು ನನಗೆ ಬಹಳ ಹಿಡಿಸಿತು. ಹೃದಯ ನಿಂತರೂ ಕೈಗಡಿಯಾರ ನಡೆಯುತ್ತಿತ್ತು.

ಯೋಗಾಭ್ಯಾಸಿ:
ಕುಹಕ ಸುಲಭ. ದೆಹಲಿಯಲ್ಲೇ 1961ರಲ್ಲಿ ಅದೇ ಆನಂದ್ ಅವರ ತಂಡ ರಮಾನಂದ ಯೋಗಿಯವರನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಕೂರಿಸಿ, ಅವರ ಆಮ್ಲಜನಕದ ಬಳಕೆ ವಿಶ್ರಾಂತಿಯ ಮಟ್ಟಕ್ಕಿಂತಲೂ ಗಣನೀಯವಾಗಿ ಇಳಿದದ್ದನ್ನು ದಾಖಲಿಸಿದೆ. ಅದನ್ನೇಕೆ ಯಾರೂ ಎತ್ತುವುದಿಲ್ಲ?

ಅಗ್ರಹಾರದ ಹುಡುಗಿ:
ಸಂತೋಷದಿಂದ ಎತ್ತುತ್ತೇನೆ, ಏಕೆಂದರೆ ಈ ಚರ್ಚೆಯಲ್ಲಿ ಬಂದ ಅತ್ಯುತ್ತಮ ಉದಾಹರಣೆ ಅದೇ. ಪೆಟ್ಟಿಗೆ ಮುಚ್ಚಿತ್ತು, ಗಾಳಿಯನ್ನು ಅಳೆಯುತ್ತಿದ್ದರು, ಷರತ್ತುಗಳು ಪ್ರಯೋಗಾಲಯದವು. ಸಿಕ್ಕ ಫಲಿತಾಂಶ ಅಚ್ಚರಿಯದ್ದೇ ಹೌದು, ಅಲೌಕಿಕವಲ್ಲ. ಅಭ್ಯಾಸದಿಂದ ಚಯಾಪಚಯವನ್ನು ಸ್ವಲ್ಪ ಕಾಲ ತಗ್ಗಿಸಬಹುದು ಎಂಬುದನ್ನು ನಾನು ಯಾವ ಆಕ್ಷೇಪವೂ ಇಲ್ಲದೆ ಒಪ್ಪುತ್ತೇನೆ. ಷರತ್ತು ಬಿಗಿಯಾದಷ್ಟೂ ಪವಾಡ ಮನುಷ್ಯನ ಅಳತೆಗೆ ಇಳಿಯುತ್ತಾ ಬರುವುದನ್ನು ನೀವೂ ಗಮನಿಸಿರಬೇಕು.

ಬಸವನಗುಡಿ ಹಳಬ:
ಷರತ್ತಿನ ಮಾತು ಬಂದಿರುವುದರಿಂದ ಎಚ್. ನರಸಿಂಹಯ್ಯನವರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಗೌರಿಬಿದನೂರಿನ ಹೊಸೂರಿನಲ್ಲಿ ಹುಟ್ಟಿ, ಓಹಾಯೋದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಮರಳಿ ಬಂದು ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಪಂಚೆ ಟೋಪಿಗಳಲ್ಲೇ ಬದುಕು ಕಳೆದವರು ಅವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಒಂದು ಸಮಿತಿಯನ್ನು ರಚಿಸಿದರು. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಮೂರು ಪತ್ರಗಳನ್ನು ಬರೆದು, ಸಮಿತಿಯ ಎದುರು ತಮ್ಮ ಶಕ್ತಿಯನ್ನು ತೋರಿಸಬೇಕೆಂದು ಗೌರವದಿಂದಲೇ ಕೋರಿದರು. ಉತ್ತರ ಬರಲಿಲ್ಲ. ವಿಭೂತಿ, ಉಂಗುರ, ಗಡಿಯಾರಗಳ ಬದಲು ಒಂದು ಕುಂಬಳಕಾಯಿಯನ್ನು ಸೃಷ್ಟಿಸಿ ತೋರಿಸಲಿ ಎಂದು ಅವರು ಕೇಳಿದ್ದು ಆ ಕಾಲದಲ್ಲಿ ಮನೆಮಾತಾಗಿತ್ತು. ತೋಳಿನ ಒಳಗೆ ಅಡಗಿಸಲಾಗದ ಗಾತ್ರ ಎಂಬುದಷ್ಟೇ ಅವರ ತರ್ಕ. ಜಾದೂಪೆಟ್ಟಿಗೆಯವರು ಹೇಳುವ ಷರತ್ತು ಎಂದರೆ ಇದೇ ಅಲ್ಲವೇ?

ಅದೇ ಸಮಿತಿ ಪಾಂಡವಪುರಕ್ಕೆ ಹೋಗಿ, ಕೈಯಿಂದ ವಿಭೂತಿ ಉದುರಿಸುತ್ತಾನೆಂದು ಪ್ರಸಿದ್ಧನಾಗಿದ್ದ ಚಿಕ್ಕ ಬಾಲಕನನ್ನು ನೋಡಿತು. ವಿಭೂತಿ ಅವನ ಬಟ್ಟೆಯೊಳಗೇ ಇತ್ತು. ಮಗುವಿನ ಮೇಲೆ ನನಗೆ ಯಾವ ದೂರೂ ಇಲ್ಲ, ಹಿರಿಯರ ಮೇಲಿದೆ.

ಕರಾವಳಿ ಕಂಡವನು:
ನರಸಿಂಹಯ್ಯನವರ ಬಗ್ಗೆ ಗೌರವವಿದೆ, ಆದರೂ ಒಂದು ಭಿನ್ನಾಭಿಪ್ರಾಯ. ಉತ್ತರ ಬರಲಿಲ್ಲ ಎಂಬುದು ಏನನ್ನೂ ಸಾಬೀತು ಮಾಡುವುದಿಲ್ಲ. ಕುಲಪತಿಯ ಕುರ್ಚಿಯಲ್ಲಿ ಕುಳಿತು ಧಾರ್ಮಿಕ ಗುರುವಿಗೆ ಸವಾಲು ಹಾಕುವುದು ವಿಶ್ವವಿದ್ಯಾಲಯದ ಕೆಲಸವೇ ಎಂದು ಆಗಲೂ ಹಲವರು ಕೇಳಿದ್ದರು, ಆ ಪ್ರಶ್ನೆ ಅಸಂಬದ್ಧವಲ್ಲ.

ಬಸವನಗುಡಿ ಹಳಬ:
ಉತ್ತರ ಬರಲಿಲ್ಲ ಎಂಬುದು ಏನನ್ನೂ ಸಾಬೀತು ಮಾಡದು, ಒಪ್ಪಿದೆ. ಆದರೆ ಹೊಣೆ ಯಾರದ್ದು? ಶಕ್ತಿಯಿದೆ ಎಂದು ಸಾರ್ವಜನಿಕವಾಗಿ ಹೇಳುವವರದ್ದೇ ಹೊರತು ಕೇಳುವವರದ್ದಲ್ಲ. ವಿಶ್ವವಿದ್ಯಾಲಯದ ಕೆಲಸದ ಬಗ್ಗೆ ಹೇಳುವುದಾದರೆ, ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯ ಎಂಬ ವಿಧಿ ನಮ್ಮ ಸಂವಿಧಾನಕ್ಕೆ ಸೇರಿದ್ದು 1976ರ ನಲವತ್ತೆರಡನೆಯ ತಿದ್ದುಪಡಿಯಿಂದ. ಕುಲಪತಿಗಳು ಅದನ್ನು ಗಂಭೀರವಾಗಿ ತೆಗೆದುಕೊಂಡರೆ ತಪ್ಪೇನು?

ನೇರನುಡಿ:
ಈ ವಿಚಾರವಾದಿಗಳ ಶೌರ್ಯವೆಲ್ಲ ಹಿಂದೂಗಳ ಮೇಲೆ ಮಾತ್ರ. ಬೇರೆಯವರನ್ನು ಮುಟ್ಟಲಿ ನೋಡೋಣ.

ಮಲೆನಾಡ ಮೂಲೆ:
ಮುಟ್ಟಿದ್ದಾರೆ, ಬೆಲೆಯನ್ನೂ ತೆತ್ತಿದ್ದಾರೆ. 2012ರಲ್ಲಿ ಮುಂಬಯಿಯ ಇರ್ಲಾದ ಚರ್ಚೊಂದರ ಶಿಲುಬೆಯ ಪಾದದಿಂದ ನೀರು ತೊಟ್ಟಿಕ್ಕುತ್ತಿತ್ತು, ಜನ ಅದನ್ನು ತೀರ್ಥವೆಂದು ಸಂಗ್ರಹಿಸುತ್ತಿದ್ದರು. ಮೇಲೆ ಹೇಳಿದ ಅದೇ ಇಡಮರುಕು ಅಲ್ಲಿಗೆ ಹೋಗಿ, ಹತ್ತಿರದ ಕಟ್ಟಿಕೊಂಡ ಚರಂಡಿಯ ನೀರು ಗೋಡೆಯ ಮೂಲಕ ಲೋಮನಾಳ ಕ್ರಿಯೆಯಿಂದ, ಅಂದರೆ ಬತ್ತಿ ಎಣ್ಣೆಯನ್ನು ಹೀರುವಂತೆ, ಮೇಲೇರುತ್ತಿದೆ ಎಂದು ತೋರಿಸಿದರು. ಕ್ರೈಸ್ತ ಸಂಘಟನೆಗಳು ಧಾರ್ಮಿಕ ಭಾವನೆಗೆ ಧಕ್ಕೆ ತಂದರೆಂದು ಪೊಲೀಸರಿಗೆ ದೂರು ಕೊಟ್ಟವು, ಅವರು ದೇಶ ಬಿಟ್ಟು ಫಿನ್‌ಲೆಂಡಿಗೆ ಹೋಗಬೇಕಾಯಿತು. ಪವಾಡ ಮಾಡಿ ತೋರಿಸಿದವರಿಗೆ ಒಂದು ಲಕ್ಷ ರೂಪಾಯಿ ಎಂಬ ಸವಾಲು ಹಾಕಿ ಪ್ರಸಿದ್ಧರಾದ ಸಿಲೋನಿನ ವಿಚಾರವಾದಿ ಅಬ್ರಹಾಂ ಕೋವೂರ್ ಕೇರಳದ ಕ್ರೈಸ್ತ ಪಾದ್ರಿಯ ಮಗ. ಯಾರು ಯಾರನ್ನು ಮುಟ್ಟಿದರು ಎಂಬ ಪಟ್ಟಿ ಬೇಕಿದ್ದರೆ ಇನ್ನೂ ಕೊಡಬಲ್ಲೆ, ಆದರೆ ತುಂಗಾತೀರ ಅವರು ಕೇಳಿದ್ದು ಅದನ್ನಲ್ಲ.

ಶರಣು ಶರಣಾರ್ಥಿ:
ಪರಂಪರೆಯನ್ನೇ ಕೇಳೋಣ. ಯೋಗಸೂತ್ರದ ಮೂರನೆಯ ಪಾದದಲ್ಲಿ ಪತಂಜಲಿ ಆಕಾಶಗಮನದವರೆಗೆ ಸಿದ್ಧಿಗಳನ್ನು ಪಟ್ಟಿ ಮಾಡುತ್ತಾರೆ, ಅಲ್ಲೇ ಅವು ಸಮಾಧಿಗೆ ಅಡ್ಡಿ ಎಂದೂ ಹೇಳುತ್ತಾರೆ. ರಾಜಗೃಹದ ಶ್ರೀಮಂತನೊಬ್ಬ ಬಿದಿರಿನ ತುದಿಯಲ್ಲಿ ಕಟ್ಟಿದ್ದ ಗಂಧದ ಬಟ್ಟಲನ್ನು ಪಿಂಡೋಲ ಭಾರದ್ವಾಜ ಗಾಳಿಯಲ್ಲಿ ಹಾರಿ ತಂದಾಗ ಬುದ್ಧ ಅವನನ್ನು ಗದರಿಸಿ, ಗೃಹಸ್ಥರ ಮುಂದೆ ಇಂಥ ಪ್ರದರ್ಶನ ಕೂಡದೆಂದು ಭಿಕ್ಷುಗಳಿಗೆ ನಿಯಮ ವಿಧಿಸಿದ. ನಮ್ಮ ಅಲ್ಲಮನನ್ನು ನೋಡಿ. ವಜ್ರಕಾಯ ಸಾಧಿಸಿದ ಗೋರಕ್ಷ ತನ್ನ ಮೈಗೆ ಕತ್ತಿಯಿಂದ ಹೊಡೆಯಲು ಹೇಳಿದ, ಖಣಿಲೆಂದು ಸದ್ದಾಯಿತು. ತಿರುಗಿ ಗೋರಕ್ಷ ಅಲ್ಲಮನಿಗೆ ಬೀಸಿದರೆ ಕತ್ತಿ ಬಯಲಲ್ಲಿ ಬೀಸಿದಂತೆ ಹಾದುಹೋಯಿತು. ಕಾಯಸಿದ್ಧಿಯ ಗರ್ವವನ್ನು ಮುರಿಯುವ ಆ ಪ್ರಸಂಗಕ್ಕಿಂತ ದೊಡ್ಡ ವಿಮರ್ಶೆ ಬೇಕೇ? ನಿಜವಾದ ಯೋಗಿ ಪ್ರದರ್ಶನಕ್ಕೆ ಬರುವುದೇ ಇಲ್ಲ, ಬಂದವರನ್ನು ಪರೀಕ್ಷಿಸಿ ಯೋಗವನ್ನು ಅಳೆಯುವುದು ವ್ಯರ್ಥ.

ಅಗ್ರಹಾರದ ಹುಡುಗಿ:
ಈ ಪ್ರಸಂಗಗಳು ನನಗೂ ಪ್ರಿಯ. ಆದರೂ ಎರಡು ಸಂದೇಹಗಳನ್ನು ಮುಂದಿಡುತ್ತೇನೆ. ಗೋರಕ್ಷನ ಪವಾಡವನ್ನು ಸೋಲಿಸಿದ್ದು ಇನ್ನೂ ದೊಡ್ಡ ಪವಾಡ, ವಿಮರ್ಶೆಯ ಒಳಗೂ ನಂಬಿಕೆ ಹಾಗೆಯೇ ಉಳಿದಿದೆ. ಪಿಂಡೋಲನನ್ನು ಗದರಿಸಿದ ಕತೆಯಲ್ಲೂ ಅವನು ಹಾರಿದ್ದನ್ನು ಯಾರೂ ಅಲ್ಲಗಳೆಯುವುದಿಲ್ಲ. ಎರಡನೆಯದು ಇನ್ನೂ ಮುಖ್ಯವಾದದ್ದು. "ಶಕ್ತಿ ಇದೆ, ಆದರೆ ತೋರಿಸುವಂತಿಲ್ಲ" ಎಂಬ ನಿಯಮ ಸಾಧಕನಿಗೆ ಒಳ್ಳೆಯ ಸಂಯಮವಾಗಬಹುದು, ವಂಚಕನಿಗಂತೂ ಅದಕ್ಕಿಂತ ಒಳ್ಳೆಯ ರಕ್ಷಣೆ ಬೇರೊಂದಿಲ್ಲ. ಹೊರಗೆ ನಿಂತ ನಾವು ಇಬ್ಬರನ್ನೂ ಹೇಗೆ ಬೇರ್ಪಡಿಸಬೇಕು?

ಶರಣು ಶರಣಾರ್ಥಿ:
ಹಣ ಕೇಳುತ್ತಾರೆಯೇ ಎಂದು ನೋಡಿ ಬೇರ್ಪಡಿಸಬಹುದು.

ಅರ್ಧಸತ್ಯ:
ಹಣ ಕೇಳಿದವರ ಗತಿ ಗೊತ್ತಿದೆ. 1966ರಲ್ಲಿ ಎಲ್.ಎಸ್. ರಾವ್ ಎಂಬ ಹಠಯೋಗಿ ಮುಂಬಯಿಯಲ್ಲಿ ನೀರಿನ ಮೇಲೆ ನಡೆಯುತ್ತೇನೆಂದು ಘೋಷಿಸಿದರು. ದುಬಾರಿ ಟಿಕೆಟು ಕೊಂಡು ಜನ ಸೇರಿದರು. ತೊಟ್ಟಿಯ ಅಂಚಿನಿಂದ ಹೆಜ್ಜೆ ಇಟ್ಟರು, ನೇರವಾಗಿ ತಳಕ್ಕೆ ಹೋದರು. ಹದಿನಾಲ್ಕು ವರ್ಷ ತಪಸ್ಸು ಮಾಡಿ ನದಿಯ ಮೇಲೆ ನಡೆಯಲು ಕಲಿತವನಿಗೆ, ಅಂಬಿಗನಿಗೆ ಒಂದು ಕಾಸು ಕೊಟ್ಟರೆ ಆಗುತ್ತಿದ್ದ ಕೆಲಸಕ್ಕೆ ಇಷ್ಟು ಕಷ್ಟವೇಕೆ ಎಂದು ಕೇಳುವ ರಾಮಕೃಷ್ಣ ಪರಮಹಂಸರ ಕತೆಯನ್ನು ರಾವ್ ಅವರು ಕೇಳಿರಲಿಲ್ಲವೋ ಏನೋ.

ಮಲೆನಾಡ ಮೂಲೆ:
2008ರ ಮಾರ್ಚಿನಲ್ಲಿ ಟಿ.ವಿ.ಯ ನೇರ ಪ್ರಸಾರದಲ್ಲಿ ಒಬ್ಬ ತಾಂತ್ರಿಕರು ಮಂತ್ರಶಕ್ತಿಯಿಂದಲೇ ಮನುಷ್ಯನನ್ನು ಕೊಲ್ಲಬಲ್ಲೆ ಎಂದರು. ಎದುರಿಗಿದ್ದ ಇಡಮರುಕು "ನನ್ನನ್ನೇ ಕೊಲ್ಲಿ" ಎಂದು ಕುಳಿತರು. ಗಂಟೆಗಟ್ಟಲೆ ಮಂತ್ರ ನಡೆಯಿತು, ಅವರು ನಗುತ್ತಲೇ ಇದ್ದರು. ಕೊನೆಗೆ ತಾಂತ್ರಿಕರು, ಇವರು ಪೂಜಿಸುವ ಯಾವುದೋ ಬಲವಾದ ದೇವರು ಇವರನ್ನು ಕಾಯುತ್ತಿರಬೇಕು ಎಂದರು. ನಾಸ್ತಿಕನಿಗೆ ದೇವರ ರಕ್ಷಣೆ! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಕರಾವಳಿ ಕಂಡವನು:
ನಗೆಚಾಟಿಕೆಯ ನಡುವೆ ಒಂದು ಅನ್ಯಾಯ ನಡೆಯುತ್ತಿದೆ. ಕೊಂಡ ಹಾಯುವ ಸಾಮಾನ್ಯ ಭಕ್ತರನ್ನೂ ಇದೇ ಚೀಲಕ್ಕೆ ಹಾಕುತ್ತೀರಾ? ನಮ್ಮ ಕಡೆಯ ಜಾತ್ರೆಗಳಲ್ಲಿ ಹರಕೆ ಹೊತ್ತವರು ಬರಿಗಾಲಿನಲ್ಲಿ ಕೆಂಡದ ಮೇಲೆ ನಡೆಯುತ್ತಾರೆ. ಅವರು ಯಾರಿಂದಲೂ ಹಣ ಕೇಳುವುದಿಲ್ಲ, ಕಣ್ಕಟ್ಟೂ ಇಲ್ಲ.

ಜಾದೂಪೆಟ್ಟಿಗೆ:
ಖಂಡಿತ ಹಾಕುವುದಿಲ್ಲ. ಅಲ್ಲಿ ವಂಚನೆಯೇ ಇಲ್ಲ, ಅವರು ನಿಜವಾಗಿಯೇ ನಡೆಯುತ್ತಾರೆ. ಇದ್ದಿಲಿನ ಕೆಂಡ ಬಹಳ ಬಿಸಿಯಾಗಿದ್ದರೂ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ, ಪ್ರತಿ ಹೆಜ್ಜೆಯೂ ಕ್ಷಣಮಾತ್ರ ತಾಗುತ್ತದೆ, ಮೇಲೆ ಬೂದಿಯ ಪದರವಿರುತ್ತದೆ. ಅಷ್ಟೇ ಬಿಸಿಯಾದ ಕಬ್ಬಿಣದ ತಗಡಿನ ಮೇಲೆ ನಡೆಯಲು ಯಾವ ಹರಕೆಯೂ ಸಾಲದು. ನಡುವೆ ನಿಂತವರಿಗೆ, ಎಡವಿದವರಿಗೆ ಸುಡುತ್ತದೆ, ಅದಕ್ಕೆ ಮಡಿ ಮೈಲಿಗೆಯ ಕಾರಣ ಹುಡುಕುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಹುಲಿಕಲ್ ನಟರಾಜ್ ಅವರಂಥವರು ನಮ್ಮ ಊರೂರುಗಳಲ್ಲಿ ಪವಾಡ ಬಯಲು ಕಾರ್ಯಕ್ರಮ ನಡೆಸುತ್ತಾ ಬಂದಿದ್ದಾರೆ, ಅರಿಸಿನದ ನೀರಿಗೆ ಸುಣ್ಣ ಬೆರೆಸಿ "ರಕ್ತ" ಮಾಡುವುದನ್ನು ಶಾಲಾ ಮಕ್ಕಳೂ ಮಾಡಿ ತೋರಿಸುತ್ತಾರೆ.

ಕಾಯ್ದೆ ಕಡತ:
ಕಾನೂನಿನ ಬಗ್ಗೆ ಚಿಕ್ಕದಾಗಿ. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ಕರ್ನಾಟಕದ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂತು. ವಾಸ್ತು ಮತ್ತು ಜ್ಯೋತಿಷ್ಯದ ಸಲಹೆಯನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿದ್ದಾರೆ. ಮಂತ್ರ ತಾಯಿತಗಳಿಂದ ರೋಗ ವಾಸಿಯಾಗುತ್ತದೆಂದು ಜಾಹೀರಾತು ಕೊಡುವುದನ್ನು 1954ರ ಕೇಂದ್ರದ ಕಾಯ್ದೆಯೇ ನಿಷೇಧಿಸಿದೆ. ಅನ್ನ ಬಿಟ್ಟು ಬದುಕಿದ್ದೇನೆ ಎಂದು ಹೇಳಿಕೊಳ್ಳುವುದಷ್ಟೇ ನನ್ನ ಓದಿನ ಪ್ರಕಾರ ಅಪರಾಧವಾಗದು.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ಒಂದು ಪ್ರಶ್ನೆ ಉಳಿಯಿತು. ನಾಳೆ ಇನ್ನೊಬ್ಬರು ಬಂದು "ನಾನೂ ನೀರು ಕುಡಿಯುವುದಿಲ್ಲ, ಪರೀಕ್ಷಿಸಿ" ಎಂದರೆ, ಯೋಗಾಭ್ಯಾಸಿಯವರೂ ಜಾದೂಪೆಟ್ಟಿಗೆಯವರೂ ಇಬ್ಬರೂ ಒಪ್ಪುವ ಪರೀಕ್ಷೆ ಹೇಗಿರಬೇಕು?

ಬ್ರಿಸ್ಬೇನ್ ಬೆಳ್ಳಿ:
ಅಂಥದ್ದೊಂದು ಪರೀಕ್ಷೆ ನಾನಿರುವ ದೇಶದಲ್ಲಿ 1999ರಲ್ಲೇ ನಡೆದಿದೆ. ಬೆಳಕನ್ನೇ ಉಂಡು ಬದುಕುತ್ತೇನೆ ಎಂದು ಬೋಧಿಸುತ್ತಿದ್ದ ಜಾಸ್ಮುಹೀನ್ ಎಂಬ ಆಸ್ಟ್ರೇಲಿಯಾದ ಮಹಿಳೆಯನ್ನು ಒಂದು ದೂರದರ್ಶನ ಕಾರ್ಯಕ್ರಮದವರು ಕೋಣೆಯಲ್ಲಿಟ್ಟು ಕಾವಲು ಹಾಕಿದರು. ಬೇಗನೆ ನಿರ್ಜಲೀಕರಣದ ಲಕ್ಷಣಗಳು ಕಾಣಿಸಿಕೊಂಡವು. ರಸ್ತೆಯ ಹೊಗೆಯಿಂದ ಗಾಳಿ ಕೆಟ್ಟಿದೆ, ಆದ್ದರಿಂದ ಪೋಷಣೆ ಸಿಗುತ್ತಿಲ್ಲ ಎಂದು ಆಕೆ ಹೇಳಿದಾಗ ಕಾರ್ಯಕ್ರಮದವರು ಬೆಟ್ಟದ ತಪ್ಪಲಿಗೆ ಕರೆದೊಯ್ದರು. ಅಲ್ಲಿಯೂ ಸ್ಥಿತಿ ಬಿಗಡಾಯಿಸುತ್ತಲೇ ಹೋಗಿ, ನಾಲ್ಕು ದಿನಗಳ ಬಳಿಕ ವೈದ್ಯೆ ಪರೀಕ್ಷೆಯನ್ನೇ ನಿಲ್ಲಿಸಿದರು.

ಹಗಲುಪಾಳಿ ವೈದ್ಯೆ:
ಆ ವೈದ್ಯೆ ಮಾಡಿದ್ದು ಸರಿ. ಇಂಥ ಪರೀಕ್ಷೆಯ ಮೊದಲ ಷರತ್ತೇ ನಿಲ್ಲಿಸುವ ಷರತ್ತು. ಸೋಡಿಯಂ ಎಷ್ಟಕ್ಕೆ ಏರಿದರೆ, ತೂಕ ಎಷ್ಟು ಇಳಿದರೆ ನಿಲ್ಲಿಸುತ್ತೇವೆ ಎಂದು ಮುಂಚೆಯೇ ಬರೆದಿಡಬೇಕು, ಆ ಮಿತಿ ಮುಟ್ಟಿದರೆ ನೀರಿಲ್ಲದೆ ಬದುಕುತ್ತೇನೆಂಬ ಹೇಳಿಕೆ ಸೋತಂತೆ ಎಂದು ಎರಡೂ ಕಡೆಯವರು ಸಹಿ ಹಾಕಬೇಕು. ಸ್ನಾನವಿಲ್ಲ, ಮುಕ್ಕಳಿಸುವುದಿಲ್ಲ, ಭಕ್ತರಿಲ್ಲ. ದಿನಕ್ಕೆ ಎರಡು ಬಾರಿ ನಿಖರವಾದ ತಕ್ಕಡಿಯಲ್ಲಿ ತೂಕ. ಹದಿನೈದು ದಿನ ಬೇಕಾಗಿಲ್ಲ, ತೂಕ ಒಂದೇ ಸಮನೆ ಇಳಿಯುತ್ತದೆಯೋ ಇಲ್ಲವೋ ಎಂಬುದು ಎರಡನೆಯ ದಿನಕ್ಕೇ ತಿಳಿಯುತ್ತದೆ.

ಯೋಗಾಭ್ಯಾಸಿ:
ತೂಕದ ಷರತ್ತು ನನಗೆ ಒಪ್ಪಿಗೆ. ಜಾದೂಗಾರರನ್ನೂ ಕೂರಿಸಿ, ಆದರೆ ಫಲಿತಾಂಶ ಬರುವ ಮುಂಚೆಯೇ ಯೋಗಿಯನ್ನು ಕಳ್ಳನೆಂದು ಕರೆಯದವರನ್ನು ಕೂರಿಸಿ. ಸ್ನಾನವನ್ನು ನಿಷೇಧಿಸುವುದು ಮಾತ್ರ ಒಪ್ಪಿಗೆಯಿಲ್ಲ, ಅನುಷ್ಠಾನವಿರುವವರಿಗೆ ಅದು ಅಸಾಧ್ಯ.

ಜಾದೂಪೆಟ್ಟಿಗೆ:
ಸ್ನಾನ ಮಾಡಲಿ. ಸ್ನಾನಕ್ಕೆ ಮುಂಚೆ ಒಮ್ಮೆ, ಮೈ ಒರೆಸಿಕೊಂಡ ಮೇಲೆ ಒಮ್ಮೆ ತೂಗಿದರಾಯಿತು, ಕುಡಿದ ನೀರು ತಕ್ಕಡಿಯಲ್ಲಿ ಕಾಣುತ್ತದೆ. ತಕ್ಕಡಿಯನ್ನು ಮಾತ್ರ ಆಶ್ರಮದವರು ತರುವಂತಿಲ್ಲ.